ಬೆಂಗಳೂರಿನಿಂದ ವಿ.ಆರ್. ಕನ್ನಡಕದವರೆಗೆ: ಒಂದು ‘ತೀರಾ ಸರಳ’ ಸೂತ್ರದ ಇತಿಹಾಸ

ಇತಿಹಾಸವೆಂದರೆ ರಾಜರು, ಯುದ್ಧಗಳು ಮತ್ತು ಒಪ್ಪಂದಗಳ ಕಥೆ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ನಾವು ದಿನನಿತ್ಯ ಕೈಯಲ್ಲಿ ಹಿಡಿಯುವ ವಸ್ತುಗಳಿಗೂ ಇತಿಹಾಸವಿದೆ. ಅದರಲ್ಲೂ ಸೋಲು ಗೆಲುವುಗಳಿವೆ, ಹಟ ಮತ್ತು ತಾಳ್ಮೆಗಳಿವೆ. ಅಂತಹ ಒಂದು ಇತಿಹಾಸವನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಇದಕ್ಕೆ ಕಾರಣವಾದದ್ದು ಒಬ್ಬ ಹುಡುಗಿಯ ಪ್ರಶ್ನೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ರಟ್ಟಿನ ಡಬ್ಬಿಗೆ ಎರಡು ಮಸೂರ ಕೂರಿಸಿ, ಒಳಗೆ ಫೋನ್ ಇಟ್ಟು ಮಕ್ಕಳಿಗೆ 360 ಡಿಗ್ರಿ ವೀಡಿಯೊ ತೋರಿಸುತ್ತಿದ್ದೆವು. ಅದನ್ನು ಕಣ್ಣಿಗೆ ಹಿಡಿದು ಎಡಕ್ಕೆ ತಿರುಗಿದರೆ ಎಡಗಡೆಯ ದೃಶ್ಯ, ಹಿಂದೆ ತಿರುಗಿದರೆ ಹಿಂದಿನ ದೃಶ್ಯ. ಏಳನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಡಬ್ಬಿಯನ್ನು ಕೆಳಗಿಳಿಸಿ ಕೇಳಿದಳು: “ಸರ್, ನಾನು ಮುಂದೆ ನೋಡ್ತಿದ್ದಾಗ ಹಿಂದಿನ ಚಿತ್ರಾನೂ ಫೋನಿಗೆ ಬರ್ತಾ ಇತ್ತಾ? ಹಾಗಾದ್ರೆ ನೋಡದೇ ಇರೋದಕ್ಕೂ ಡಾಟಾ ಖರ್ಚಾಯ್ತಲ್ಲ?”

ಮಗು ಕೇಳಿದ್ದು ಚಿಕ್ಕ ಪ್ರಶ್ನೆಯಲ್ಲ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಇಂಜಿನಿಯರುಗಳು 2015ರಿಂದ ಈಚೆಗೆ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. ಇದರ ಉತ್ತರದ ಒಂದು ತುದಿ ನಮ್ಮ ಬೆಂಗಳೂರಿನಲ್ಲಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಸುತ್ತಲೂ ನೋಡುವ ಹಳೆಯ ಆಸೆ

ಚಿತ್ರದ ಎದುರು ನಿಲ್ಲದೆ ಚಿತ್ರದ ಒಳಗೇ ನಿಲ್ಲಬೇಕೆಂಬ ಆಸೆ ಹೊಸದಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಸುತ್ತುಚಿತ್ರಕ್ಕೆ ಪೇಟೆಂಟ್ ಪಡೆದು, 1793ರಲ್ಲಿ ಲಂಡನ್ನಿನ ಲೀಸ್ಟರ್ ಸ್ಕ್ವೇರ್‌ನಲ್ಲಿ ಅದಕ್ಕೆಂದೇ ದುಂಡಗಿನ ಕಟ್ಟಡ ಕಟ್ಟಿಸಿದನು. ಜನ ನಡುವೆ ನಿಂತು ಸುತ್ತಲೂ ಬರೆದ ಚಿತ್ರವನ್ನು ನೋಡುತ್ತಿದ್ದರು. ‘ಪನೋರಮಾ’ ಎಂಬ ಪದ ಬಳಕೆಗೆ ಬಂದದ್ದು ಅಲ್ಲಿಂದಲೇ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎರಡು ಕಣ್ಣುಗಳಿಗೆ ಸ್ವಲ್ಪ ಬೇರೆ ಬೇರೆ ಚಿತ್ರ ತೋರಿಸಿದರೆ ಆಳ ಕಾಣುತ್ತದೆಂದು ತೋರಿಸಿ ‘ಸ್ಟೀರಿಯೊಸ್ಕೋಪ್’ ಎಂಬ ಉಪಕರಣವನ್ನು ವಿವರಿಸಿದರು. 1968ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ತಲೆಗೆ ಧರಿಸುವ ಪರದೆಯನ್ನು ಕಂಪ್ಯೂಟರಿಗೆ ಜೋಡಿಸಿದರು. ಅದು ಎಷ್ಟು ಭಾರವಾಗಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಾಗಿತ್ತು!

ಅಲ್ಲಿಂದ ಮುಂದೆ ನಾಲ್ಕು ದಶಕಗಳ ಕಾಲ ಇದು ಸಾಮಾನ್ಯ ಜನರ ಕೈಗೆ ಅಷ್ಟಾಗಿ ಎಟುಕಲಿಲ್ಲ. ಸ್ಮಾರ್ಟ್‌ಫೋನಿನಿಂದ ಪರದೆ, ಚಲನೆ ಅಳೆಯುವ ಸಂವೇದಕ ಎಲ್ಲವೂ ಅಗ್ಗವಾದ ಮೇಲೆ ಚಿತ್ರ ಬದಲಾಯಿತು. 2014ರಲ್ಲಿ ಗೂಗಲ್ ರಟ್ಟಿನ ಕನ್ನಡಕವನ್ನು ಹೊರತಂದಿತು. ಅದೇ ವರ್ಷ ಫೇಸ್‌ಬುಕ್ ಸಂಸ್ಥೆಯು ಆಕ್ಯುಲಸ್ ಎಂಬ ವಿ.ಆರ್. ಕಂಪನಿಯನ್ನು ಖರೀದಿಸಿತು. 2015ರಲ್ಲಿ ಯೂಟ್ಯೂಬ್ 360 ಡಿಗ್ರಿ ವೀಡಿಯೊಗಳಿಗೆ ಬಾಗಿಲು ತೆರೆಯಿತು. ನಮ್ಮ ದೇಶದಲ್ಲಿಯೂ 2023ರ ಐಪಿಎಲ್ ಸಮಯದಲ್ಲಿ ಫೋನ್ ಕೂರಿಸುವ ಕನ್ನಡಕದ ಮೂಲಕ ಕ್ರಿಕೆಟ್ ತೋರಿಸುವ ಏರ್ಪಾಡು ಬಂತು. ಕನ್ನಡಕವೇನೋ ಅಗ್ಗವಾಯಿತು. ಆದರೆ ಚಿತ್ರ ಬರಬೇಕಾದ ದಾರಿ ಕಿರಿದಾಗಿಯೇ ಇತ್ತು.

ಲೆಕ್ಕದ ಭಾರ

ವಿದ್ಯಾರ್ಥಿ ಮಿತ್ರರೇ, ಒಂದು ಸಣ್ಣ ಲೆಕ್ಕ ಮಾಡೋಣ. ಸಾಮಾನ್ಯ ಎಚ್.ಡಿ. ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಗುಣಿಸಿದರೆ 20,73,600. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್. ಸೆಕೆಂಡಿಗೆ 25 ಚಿತ್ರಗಳೆಂದರೆ ಸುಮಾರು 15.5 ಕೋಟಿ ಬೈಟ್. ನಮ್ಮ ಹಳೆಯ 700 ಎಂ.ಬಿ. ಸಿ.ಡಿ.ಯಲ್ಲಿ ಇಂತಹ ವೀಡಿಯೊವನ್ನು ಹಾಗೆಯೇ ತುಂಬಿದರೆ ಐದು ಸೆಕೆಂಡಿನಷ್ಟೂ ಹಿಡಿಯದು!

ಇನ್ನು ವಿ.ಆರ್. ವೀಡಿಯೊ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯೊಳಗೆ ಸುಮಾರು 60 ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಆ ಲೆಕ್ಕದಲ್ಲಿ ಸುತ್ತಲೂ 360 ಡಿಗ್ರಿ, ಮೇಲಿನಿಂದ ಕೆಳಗೆ 180 ಡಿಗ್ರಿಯನ್ನು ತುಂಬಲು ಅಡ್ಡಕ್ಕೆ 21,600, ಉದ್ದಕ್ಕೆ 10,800 ಬಿಂದುಗಳು ಬೇಕು. ಅಂದರೆ 23 ಕೋಟಿಗೂ ಹೆಚ್ಚು. ಎಚ್.ಡಿ. ಚಿತ್ರದ ನೂರು ಪಟ್ಟಿಗಿಂತ ಅಧಿಕ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರವೆಂದರೆ ಅದರ ದುಪ್ಪಟ್ಟು. ಹೀಗಾಗಿ ಚಿತ್ರವನ್ನು ಕುಗ್ಗಿಸದೆ ಕಳುಹಿಸುವುದು ಕನಸಿನ ಮಾತೇ ಸರಿ.

ಬೆಂಗಳೂರಿನ ನಾಸಿರ್ ಅಹ್ಮದ್

ಕುಗ್ಗಿಸುವ ವಿದ್ಯೆಯ ಅಡಿಗಲ್ಲು ಹಾಕಿದವರಲ್ಲಿ ಪ್ರಮುಖರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಎಲೆಕ್ಟ್ರಿಕಲ್ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಿಂದ 1963ರಲ್ಲಿ ಎಂ.ಎಸ್., 1966ರಲ್ಲಿ ಪಿಎಚ್.ಡಿ. ಪಡೆದರು. 1968ರಿಂದ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಆ ಕಾಲದಲ್ಲಿ ಚಿತ್ರವನ್ನು ಕುಗ್ಗಿಸಲು ‘ಕರ್ಹುನೆನ್-ಲೋಯೆವ್’ ಎಂಬ ಗಣಿತ ವಿಧಾನವೇ ಶ್ರೇಷ್ಠವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದನ್ನು ಬೇಗ ಲೆಕ್ಕ ಮಾಡುವ ದಾರಿ ಇರಲಿಲ್ಲ. ಅದಕ್ಕೆ ಸಮನಾಗಿ ಕೆಲಸ ಮಾಡುವ, ಆದರೆ ಬೇಗ ಮುಗಿಯುವ ವಿಧಾನವೊಂದು ಬೇಕಾಗಿತ್ತು. ನಮ್ಮ ಪಿ.ಯು.ಸಿ. ಮಕ್ಕಳು ತ್ರಿಕೋನಮಿತಿಯಲ್ಲಿ ಓದುವ ‘ಕೊಸೈನ್’ ಅನ್ನೇ ಬಳಸಿ ಇದನ್ನು ಸಾಧಿಸಬಹುದೆಂದು ನಾಸಿರ್ ಅಹ್ಮದ್ ಅವರಿಗೆ ಹೊಳೆಯಿತು. 1972ರಲ್ಲಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಸಂಶೋಧನಾ ಧನಸಹಾಯ ಕೋರಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಪರಿಶೀಲಕರಲ್ಲೊಬ್ಬರಿಗೆ ಈ ವಿಚಾರ ‘ತೀರಾ ಸರಳ’ ಎನಿಸಿತ್ತೆಂದು ಅವರೇ ಮುಂದೆ 1991ರಲ್ಲಿ ಬರೆದ ಲೇಖನದಲ್ಲಿ ನೆನಪಿಸಿಕೊಂಡಿದ್ದಾರೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ತಜ್ಞರೇ ಬೇಡವೆಂದ ಮೇಲೆ ಕಡತ ಮುಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದು ಸುಲಭವಾಗಿತ್ತು. ನಾಸಿರ್ ಅಹ್ಮದ್ ಹಾಗೆ ಮಾಡಲಿಲ್ಲ. 1973ರ ಬೇಸಿಗೆಯನ್ನು ಪೂರ್ತಿಯಾಗಿ ಇದೇ ಕೆಲಸಕ್ಕೆ ಮೀಸಲಿಡಲು ನಿರ್ಧರಿಸಿದರು. ಆ ಬೇಸಿಗೆಯಲ್ಲಿ ಅವರಿಗೆ ಯಾವ ಧನಸಹಾಯವೂ ಇರಲಿಲ್ಲ. ಮನೆಯ ಖರ್ಚಿನ ಬಗ್ಗೆ ಪತ್ನಿಯೊಂದಿಗೆ ದೀರ್ಘವಾಗಿ ಚರ್ಚಿಸಿಯೇ ಈ ತೀರ್ಮಾನಕ್ಕೆ ಬಂದರಂತೆ. ಅವರ ಪಿಎಚ್.ಡಿ. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಶಾಖೆಯಲ್ಲಿದ್ದ ಸ್ನೇಹಿತ ಕೆ.ಆರ್. ರಾವ್ ಜೊತೆಯಾದರು. ಫಲಿತಾಂಶ ಬಂದಾಗ ಆ ‘ಸರಳ’ ವಿಧಾನವು ಶ್ರೇಷ್ಠ ವಿಧಾನದ ಹತ್ತಿರ ಹತ್ತಿರಕ್ಕೇ ನಿಂತಿತ್ತು. 1974ರ ಜನವರಿಯಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಹೆಸರಿನಿಂದ ಅದು ಪ್ರಕಟವಾಯಿತು. ನಾಲ್ಕೇ ಪುಟಗಳ ಪ್ರಬಂಧ! ಚುಟುಕಾಗಿ ಇದನ್ನು ಡಿ.ಸಿ.ಟಿ. ಎನ್ನುತ್ತಾರೆ.

ಡಿ.ಸಿ.ಟಿ. ಮಾಡುವುದೇನು? ಚಿತ್ರವನ್ನು 8 ಸಾಲು, 8 ಕಂಬದ ಚಿಕ್ಕ ಚೌಕಗಳಾಗಿ ವಿಂಗಡಿಸಿದರೆ ಪ್ರತಿ ಚೌಕದಲ್ಲಿ 64 ಬಿಂದುಗಳು, ಅಂದರೆ 64 ಸಂಖ್ಯೆಗಳು. ಆಕಾಶ, ಗೋಡೆ, ಕೆನ್ನೆ ಇಂತಹ ಕಡೆಗಳಲ್ಲಿ ಅಕ್ಕಪಕ್ಕದ ಬಿಂದುಗಳು ಹೆಚ್ಚುಕಡಿಮೆ ಒಂದೇ ಬಣ್ಣದವು. ಡಿ.ಸಿ.ಟಿ. ಈ 64 ಸಂಖ್ಯೆಗಳನ್ನು ಬೇರೆ 64 ಸಂಖ್ಯೆಗಳಾಗಿ ಪರಿವರ್ತಿಸುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಮುಂದಿನ ಕೆಲವು ದೊಡ್ಡ ದೊಡ್ಡ ಏರಿಳಿತಗಳು. ಉಳಿದವು ಸೂಕ್ಷ್ಮ ವಿವರಗಳು, ಬಹುಪಾಲು ಸೊನ್ನೆಯ ಹತ್ತಿರ. ಆ ಸೂಕ್ಷ್ಮಗಳನ್ನು ಒರಟಾಗಿ ಅಳೆದರೂ, ಕೆಲವನ್ನು ಬಿಟ್ಟೇಬಿಟ್ಟರೂ ಕಣ್ಣಿಗೆ ಅಷ್ಟಾಗಿ ತಿಳಿಯದು. ಅರವತ್ತನಾಲ್ಕರ ಜಾಗದಲ್ಲಿ ಹತ್ತೋ ಹದಿನೈದೋ ಸಂಖ್ಯೆಗಳಲ್ಲಿ ಕೆಲಸ ಮುಗಿಯುತ್ತದೆ.

ಹಾಜರಿ ಪುಸ್ತಕದ ಉಪಾಯ

ಇದು ಒಂದೇ ಚಿತ್ರವನ್ನು ಕುಗ್ಗಿಸುವ ಮಾತಾಯಿತು. ವೀಡಿಯೊದಲ್ಲಿ ಇನ್ನೊಂದು ಉಳಿತಾಯವಿದೆ. ತರಗತಿಯಲ್ಲಿ 50 ಮಕ್ಕಳಿದ್ದು ಮೂವರು ಗೈರುಹಾಜರಾದರೆ ಮುಖ್ಯೋಪಾಧ್ಯಾಯರಿಗೆ ನಾವು 47 ಹೆಸರು ಓದುವುದಿಲ್ಲ. ಬಾರದ ಮೂವರ ಹೆಸರಷ್ಟೇ ಹೇಳುತ್ತೇವೆ. ವೀಡಿಯೊದಲ್ಲೂ ಹಾಗೆಯೇ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಏನು ಬದಲಾಯಿತು, ಯಾವ ಭಾಗ ಎಷ್ಟು ಸರಿಯಿತು ಎಂಬುದನ್ನು ಮಾತ್ರ ಬರೆದಿಟ್ಟರೆ ಸಾಕು.

ಈ ಎರಡು ಉಪಾಯಗಳನ್ನು ಬೆಸೆದು 1988ರಲ್ಲಿ ಎಚ್.261 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು. ಉದ್ದೇಶ ವೀಡಿಯೊ ದೂರವಾಣಿ. 1992ರಲ್ಲಿ ಫೋಟೋಗಳಿಗೆ ಜೆಪೆಗ್, 1993ರಲ್ಲಿ ಎಂಪೆಗ್-1 ಬಂದವು. ನಮ್ಮ ಊರುಗಳಲ್ಲಿ ಬಾಡಿಗೆಗೆ ಸಿಗುತ್ತಿದ್ದ ವಿ.ಸಿ.ಡಿ.ಗಳು ಈ ಎಂಪೆಗ್-1ರ ಕೂಸುಗಳೇ. ಮುಂದೆ ಡಿ.ವಿ.ಡಿ.ಗೆ ಎಂಪೆಗ್-2, 2003ರಲ್ಲಿ ಎಚ್.264, 2013ರಲ್ಲಿ ಎಚ್.265, 2020ರಲ್ಲಿ ಎಚ್.266 ಬಂದವು. ಕೊನೆಯ ಎರಡೂ ತಮ್ಮ ಹಿಂದಿನದರ ಸುಮಾರು ಅರ್ಧ ಡಾಟಾದಲ್ಲಿ ಅದೇ ಗುಣಮಟ್ಟ ಕೊಡುವ ಗುರಿಯಿಂದ ರೂಪುಗೊಂಡವು. ಇವೆಲ್ಲದರ ಒಳಗೂ ಡಿ.ಸಿ.ಟಿ. ಅಥವಾ ಅದರ ಹತ್ತಿರದ ಸಂಬಂಧಿಯೊಂದು ಕೆಲಸ ಮಾಡುತ್ತಿದೆ. ‘ತೀರಾ ಸರಳ’ ಎನಿಸಿಕೊಂಡ ಸೂತ್ರ ಇಂದು ಜಗತ್ತಿನ ಪ್ರತಿ ಫೋನಿನಲ್ಲಿದೆ.

ತೊಟ್ಟಿ ಮತ್ತು ನಲ್ಲಿ

ಚಿತ್ರ ಕುಗ್ಗಿತು. ಆದರೆ ಅದು ಬರುವ ಇಂಟರ್ನೆಟ್ ದಾರಿ ನಮ್ಮ ಊರಿನ ನಲ್ಲಿಯ ನೀರಿನಂತೆ. ಒಮ್ಮೆ ಜೋರು, ಒಮ್ಮೆ ಸಣ್ಣಗೆ, ಒಮ್ಮೆ ಇಲ್ಲವೇ ಇಲ್ಲ. ಆದ್ದರಿಂದ ನಾವು ಮನೆಯಲ್ಲಿ ತೊಟ್ಟಿ ಕಟ್ಟಿಸಿ ನೀರು ತುಂಬಿಸಿಕೊಳ್ಳುವಂತೆ ಫೋನು ಮುಂದಿನ ಕೆಲವು ಸೆಕೆಂಡುಗಳ ವೀಡಿಯೊವನ್ನು ಮೊದಲೇ ತುಂಬಿಸಿಕೊಳ್ಳುತ್ತದೆ. ಇದನ್ನೇ ‘ಬಫರ್’ ಎನ್ನುವುದು. ತೊಟ್ಟಿ ಬರಿದಾದರೆ ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ.

ಇದಕ್ಕೆ ಸಿಕ್ಕ ಪರಿಹಾರವೇ ಹೊಂದಿಕೊಳ್ಳುವ ಪ್ರಸಾರ, ಅಂದರೆ ‘ಅಡಾಪ್ಟಿವ್ ಸ್ಟ್ರೀಮಿಂಗ್’. ಒಂದೇ ವೀಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಇಡಲಾಗುತ್ತದೆ. ಫೋನು ತನ್ನ ನಲ್ಲಿಯ ರಭಸವನ್ನು ತಾನೇ ಅಳೆದು, ಮುಂದಿನ ತುಣುಕು ಯಾವ ಗುಣಮಟ್ಟದ್ದು ಬೇಕೆಂದು ಕೇಳಿ ಪಡೆಯುತ್ತದೆ. 2008ರಲ್ಲಿ ಮೈಕ್ರೋಸಾಫ್ಟ್, 2009ರಲ್ಲಿ ಆಪಲ್ ತಮ್ಮ ತಮ್ಮ ವಿಧಾನಗಳನ್ನು ತಂದವು. 2012ರಲ್ಲಿ ‘ಡ್ಯಾಶ್’ ಎಂಬ ಅಂತಾರಾಷ್ಟ್ರೀಯ ಮಾನದಂಡವಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳು ಫೋನಿನಲ್ಲಿ ನೋಡಿದ ಅನೇಕ ಪಾಠಗಳು ಒಮ್ಮೆ ಮಸುಕಾಗಿ, ಒಮ್ಮೆ ಸ್ಪಷ್ಟವಾಗಿ ಕಂಡದ್ದು ಇದರಿಂದಲೇ. ಪಾಠ ನಿಂತುಹೋಗುವುದಕ್ಕಿಂತ ಮಸುಕಾಗಿಯಾದರೂ ಮುಂದುವರಿಯಲಿ ಎಂಬುದೇ ಇದರ ಧೋರಣೆ.

ಗೋಳವನ್ನು ಹಾಸುವ ಕಷ್ಟ

ವಿ.ಆರ್. ವೀಡಿಯೊಗೆ ಬಂದಾಗ ಮೊದಲ ತೊಡಕು ಭೂಪಟದವರದ್ದೇ. ಸುತ್ತಲಿನ ದೃಶ್ಯ ಗೋಳಾಕಾರ, ಆದರೆ ವೀಡಿಯೊ ಆಯತಾಕಾರ. ಗೋಳವನ್ನು ಸಮತಲದ ಮೇಲೆ ಹಾಸುವುದು ಹೇಗೆ? ಸುಮಾರು ಕ್ರಿ.ಶ. 100ರಲ್ಲಿ ಟೈರ್ ನಗರದ ಮರಿನಸ್ ಎಂಬ ಭೂಗೋಳಜ್ಞನು ಬಳಸಿದನೆಂದು ಹೇಳಲಾಗುವ ವಿಧಾನವೇ 360 ವೀಡಿಯೊಗಳಲ್ಲೂ ಮೊದಲು ಬಳಕೆಗೆ ಬಂತು. ಅಕ್ಷಾಂಶ ರೇಖಾಂಶಗಳನ್ನು ಸಮ ಚೌಕಗಳಾಗಿ ಬಿಡಿಸುವುದು ಆ ವಿಧಾನ. ಇದರಲ್ಲಿ ಧ್ರುವವೆಂಬ ಒಂದೇ ಬಿಂದು ಇಡೀ ಸಾಲಿನಷ್ಟು ಹಿಗ್ಗುತ್ತದೆ. ತಲೆಯ ಮೇಲಿನ ಆಕಾಶಕ್ಕೂ ಕಾಲ ಕೆಳಗಿನ ನೆಲಕ್ಕೂ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಬಿಂದುಗಳು ವ್ಯಯವಾಗುತ್ತವೆ. ಲೆಕ್ಕ ಹಾಕಿದರೆ ಆಯತದ ವಿಸ್ತೀರ್ಣ ಗೋಳದ ಮೇಲ್ಮೈಗಿಂತ ಸುಮಾರು ಒಂದೂವರೆ ಪಟ್ಟು.

ಆದ್ದರಿಂದ ಗೋಳವನ್ನು ಆರು ಮುಖದ ಘನದ ಮೇಲೆ ಮೂಡಿಸುವ ವಿಧಾನಕ್ಕೆ ಫೇಸ್‌ಬುಕ್ ಸಂಸ್ಥೆ ಹೊರಳಿತು. ಇದರಿಂದ ಕಡತದ ಗಾತ್ರ ಸುಮಾರು ಶೇ. 25ರಷ್ಟು ಇಳಿಯಿತೆಂದು ಅದು ತಿಳಿಸಿತು. 2017ರಲ್ಲಿ ಯೂಟ್ಯೂಬ್ ಘನದ ಮುಖಗಳ ಮೇಲೆ ಬಿಂದುಗಳನ್ನು ಇನ್ನೂ ಸಮನಾಗಿ ಹಂಚುವ ವಿಧಾನವನ್ನು ಪ್ರಕಟಿಸಿತು.

ನದರು ಇರುವಲ್ಲಿ ಮಾತ್ರ

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅಡ್ಡಕ್ಕೂ ಉದ್ದಕ್ಕೂ 90 ಡಿಗ್ರಿ ನೋಡುವವರು ಗೋಳದ ಆರನೇ ಒಂದು ಭಾಗವನ್ನಷ್ಟೇ ನೋಡುತ್ತಾರೆ. ಉಳಿದ ಐದು ಭಾಗ ಬಂದರೂ ಕಾಣುವುದಿಲ್ಲ. ಆ ಒಂದು ಭಾಗದಲ್ಲೂ ಕಣ್ಣು ಎಲ್ಲವನ್ನೂ ಒಂದೇ ಸಮ ನೋಡುವುದಿಲ್ಲ. ಇದನ್ನು ಸಾವಿರ ವರ್ಷಗಳ ಹಿಂದೆಯೇ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ ‘ಕಿತಾಬ್ ಅಲ್-ಮನಾಜಿರ್’ ಗ್ರಂಥದಲ್ಲಿ ಹೇಳಿದ್ದರು. ದೃಷ್ಟಿಯ ನಡುರೇಖೆಯ ಮೇಲಿರುವುದೇ ಅತಿ ಸ್ಪಷ್ಟ, ಅಂಚಿಗೆ ಹೋದಂತೆ ಅಸ್ಪಷ್ಟ, ಆದ್ದರಿಂದಲೇ ವಸ್ತುವನ್ನು ಚೆನ್ನಾಗಿ ಅರಿಯಲು ಕಣ್ಣನ್ನು ಅದರ ಮೇಲೆಲ್ಲ ಹಾಯಿಸಬೇಕು ಎಂದು. ‘ಮನಾಜಿರ್’ ಎಂಬ ಪದದ ಮೂಲದಿಂದಲೇ ಉರ್ದುವಿನ ‘ನಜರ್’, ‘ಮನ್ಜರ್’ ಬಂದಿವೆ. ನಾವು ಕನ್ನಡದಲ್ಲಿ ‘ನದರಿಗೆ ಬಿತ್ತು’ ಎನ್ನುವ ‘ನದರು’ ಕೂಡ ಅದೇ ಮನೆತನದ್ದು.

ನದರು ಇರುವಲ್ಲಿ ಮಾತ್ರ ಒಳ್ಳೆಯ ಚಿತ್ರ ಕಳುಹಿಸೋಣ ಎಂಬುದು ಇಂಜಿನಿಯರುಗಳ ಉಪಾಯ. 2016ರಲ್ಲಿ ಫೇಸ್‌ಬುಕ್ ಪಿರಮಿಡ್ ಆಕಾರವನ್ನು ಪ್ರಕಟಿಸಿತು. ನೋಡುವ ದಿಕ್ಕು ಪಿರಮಿಡ್ಡಿನ ತಳವಾಗಿ ಪೂರ್ಣ ಸ್ಪಷ್ಟ, ಬೆನ್ನ ಹಿಂದಿನದು ತುದಿಯಾಗಿ ಮಸುಕು. ಕಳುಹಿಸುವ ಗಾತ್ರ ಶೇ. 80ರಷ್ಟು ಇಳಿಯಿತು. ಆದರೆ ಬೆಲೆ ತೆರಬೇಕಾದದ್ದು ಉಗ್ರಾಣದಲ್ಲಿ: 30 ದಿಕ್ಕು, ಪ್ರತಿ ದಿಕ್ಕಿಗೆ 5 ಗುಣಮಟ್ಟ, ಹೀಗೆ ಒಂದೇ ವೀಡಿಯೊಗೆ 150 ಪ್ರತಿಗಳು!

ಇನ್ನೊಂದು ದಾರಿ ಹೆಂಚುಗಳದ್ದು. ಎಚ್.265ರಲ್ಲಿ ಚಿತ್ರವನ್ನು ‘ಟೈಲ್’ ಎಂಬ ಆಯತಗಳಾಗಿ ವಿಂಗಡಿಸುವ ಅವಕಾಶವಿದೆ. ಒಂದು ಹೆಂಚು ಇನ್ನೊಂದನ್ನು ನೆಚ್ಚದಂತೆ ಕುಗ್ಗಿಸಿದರೆ, ನೋಡುವ ದಿಕ್ಕಿನ ಹೆಂಚುಗಳನ್ನು ಉತ್ತಮ ಗುಣಮಟ್ಟದಲ್ಲಿಯೂ ಉಳಿದವನ್ನು ಕಡಿಮೆ ಗುಣಮಟ್ಟದಲ್ಲಿಯೂ ತರಿಸಿಕೊಳ್ಳಬಹುದು. 2019ರಲ್ಲಿ ಪ್ರಕಟವಾದ ‘ಒಮಾಫ್’ ಎಂಬ ಅಂತಾರಾಷ್ಟ್ರೀಯ ಮಾನದಂಡ ಇಂತಹ ವಿಧಾನಗಳಿಗೆ ಒಂದು ಕಟ್ಟುಪಾಡು ಹಾಕಿಕೊಟ್ಟಿತು.

ಆದರೂ ಒಂದು ಬಿಕ್ಕಟ್ಟು ಉಳಿಯಿತು. ತಲೆ ತಿರುಗಿಸಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಹೊಸ ದೃಶ್ಯ ಕಾಣಬೇಕು, ಇಲ್ಲದಿದ್ದರೆ ನೋಡುವವರಿಗೆ ನಿಜವಾಗಿಯೂ ತಲೆ ತಿರುಗುತ್ತದೆ. ಅಷ್ಟರೊಳಗೆ ದೂರದ ಸರ್ವರಿನಿಂದ ಹೊಸ ತುಣುಕು ತರಿಸುವುದನ್ನು ನೆಚ್ಚಿ ಕೂರಲಾಗದು. ಹೆಚ್ಚು ತುಂಬಿಸಿಟ್ಟುಕೊಳ್ಳೋಣವೆಂದರೆ, ಐದು ಸೆಕೆಂಡಿನ ನಂತರ ಆಕೆ ಯಾವ ಕಡೆ ನೋಡುತ್ತಾಳೆಂದು ಬಲ್ಲವರಾರು? ತುಂಬಿಸಿಟ್ಟ ನೀರೇ ಬೇರೆ ಕೋಣೆಯ ತೊಟ್ಟಿಯಲ್ಲಿ ಉಳಿದಂತೆ. ತೊಟ್ಟಿ ಚಿಕ್ಕದಾದರೆ ನಿಂತುಹೋಗುವ ಭಯ, ದೊಡ್ಡದಾದರೆ ವ್ಯರ್ಥವಾಗುವ ಭಯ. ಇದಕ್ಕೆ ಕಂಡುಕೊಂಡ ಮಧ್ಯಮ ಮಾರ್ಗವೆಂದರೆ ಇಡೀ ಗೋಳವನ್ನು ಮಸುಕಾದ ಗುಣಮಟ್ಟದಲ್ಲಿ ಸದಾ ಸಿದ್ಧವಾಗಿಟ್ಟುಕೊಳ್ಳುವುದು, ಅದರ ಮೇಲೆ ನೋಡುವ ಕಡೆಯ ಸ್ಪಷ್ಟ ಹೆಂಚುಗಳನ್ನು ತರಿಸಿಕೊಳ್ಳುವುದು. ತಿರುಗಿದ ಕೂಡಲೇ ಮಸುಕಾದ ಚಿತ್ರ, ಕ್ಷಣದಲ್ಲಿ ಸ್ಪಷ್ಟ ಚಿತ್ರ.

ನಾವು ಮರೆಯಬಾರದ ಎರಡು ಮಾತು

ಒಂದನೆಯದು ಖರ್ಚಿನದು. ಕುಗ್ಗಿಸುವ ವಿದ್ಯೆ ಶ್ರೀಮಂತರಿಗಿಂತ ಬಡವರಿಗೇ ಹೆಚ್ಚು ಬೇಕಾದದ್ದು. ವೇಗದ ಸಂಪರ್ಕವಿರುವ ಮನೆಗೆ ವ್ಯರ್ಥವಾದ ಡಾಟಾ ದೊಡ್ಡದಲ್ಲ. ಮನೆಗೆಲ್ಲ ಒಂದೇ ಫೋನು, ದಿನಕ್ಕಿಷ್ಟೇ ಡಾಟಾ ಎಂಬ ಮನೆಯ ಮಗುವಿಗೆ ಅದೇ ಪಾಠ ಮತ್ತು ಪಾಠವಿಲ್ಲದಿರುವುದರ ನಡುವಿನ ಅಂತರ. ಮ್ಯೂಸಿಯಂ, ಸಮುದ್ರದ ತಳ, ಮಾನವ ಹೃದಯದ ಒಳಗು ಇವನ್ನೆಲ್ಲ ತರಗತಿಗೆ ತರಬಲ್ಲ ಈ ಸಾಧನ ನಮ್ಮ ಹಳ್ಳಿಯ ಶಾಲೆಗೂ ಬರಬೇಕಾದರೆ ಈ ಲೆಕ್ಕಗಳು ಇನ್ನೂ ಹಗುರವಾಗಬೇಕು.

ಎರಡನೆಯದು ಎಚ್ಚರಿಕೆಯದು. ನೋಡುವ ಕಡೆಗೇ ಚಿತ್ರ ಬರಬೇಕಾದರೆ ನಾವು ಎಲ್ಲಿ ನೋಡುತ್ತಿದ್ದೇವೆಂದು ಯಂತ್ರಕ್ಕೆ ತಿಳಿಯಲೇಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 511 ಜನರಿಗೆ 360 ವೀಡಿಯೊ ತೋರಿಸಿ, ಅವರ ತಲೆ ಮತ್ತು ಕೈಗಳ ಚಲನೆಯನ್ನು ದಾಖಲಿಸಿದರು. ಐದು ನಿಮಿಷಕ್ಕೂ ಕಡಿಮೆ ದಾಖಲೆಯಿಂದ ಯಾರು ಯಾರೆಂದು ಶೇ. 95ರಷ್ಟು ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಹೆಸರು ಹೇಳದಿದ್ದರೂ ನಮ್ಮ ಕತ್ತು ಹೊರಳುವ ರೀತಿಯೇ ನಮ್ಮ ಗುರುತು ಹೇಳುತ್ತದೆ! ಮಕ್ಕಳ ಕೈಗೆ ಈ ಕನ್ನಡಕ ಕೊಡುವ ಶಾಲೆಗಳೂ ಪೋಷಕರೂ ಆ ದಾಖಲೆ ಯಾರ ಕೈ ಸೇರುತ್ತದೆ ಎಂದು ಕೇಳಬೇಕಾದ ಕಾಲವಿದು.

ಕೊನೆಯದಾಗಿ, ಆ ಹುಡುಗಿಗೆ ನಾನು ಹೇಳಬೇಕಾದ ಉತ್ತರ: “ಹೌದಮ್ಮಾ, ಹಿಂದಿನ ಚಿತ್ರವೂ ಬರುತ್ತದೆ. ಸಾದಾ ವಿಧಾನದಲ್ಲಾದರೆ ಪೂರ್ತಿ ಭಾರದೊಂದಿಗೆ, ಜಾಣ ವಿಧಾನದಲ್ಲಾದರೆ ಹಗುರವಾಗಿ. ಪೂರ್ತಿ ವ್ಯರ್ಥವಾಗದಂತೆ ಮಾಡುವ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.” ಆ ವಿಧಾನವನ್ನು ಯಾರು ಹುಡುಕುವರೋ ನಾವು ಬಲ್ಲೆವೇ? 1961ರಲ್ಲಿ ಬೆಂಗಳೂರಿನ ಕಾಲೇಜಿನಿಂದ ಹೊರಬಿದ್ದ ಯುವಕನೊಬ್ಬನ ಲೆಕ್ಕ ಮುಂದೆ ಜಗತ್ತಿನ ಎಲ್ಲ ಪರದೆಗಳನ್ನೂ ಬೆಳಗುತ್ತದೆಂದು ಅಂದು ಯಾರೂ ಊಹಿಸಿರಲಿಲ್ಲ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ನಿಮ್ಮ ಪ್ರಶ್ನೆ ಅಥವಾ ವಿಚಾರವನ್ನು ಯಾರಾದರೂ ‘ತೀರಾ ಸರಳ’ ಎಂದು ಪಕ್ಕಕ್ಕಿಟ್ಟರೆ ಎದೆಗುಂದಬೇಡಿ. ಒಂದು ಬೇಸಿಗೆಯನ್ನು ಅದಕ್ಕೆ ಮೀಸಲಿಟ್ಟು ಲೆಕ್ಕ ಮಾಡಿ ನೋಡಿ.